ಕನ್ನಡ ನಾಡಿನಲ್ಲಿ ಗಣಕವಿದ್ಯೆಯ ಮೊದಲ ದಿನಗಳು

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಸಾಗುವ ಹೆದ್ದಾರಿಯಲ್ಲಿ ನರಗುಂದವನ್ನು ದಾಟಿ ಬಂದ ಪ್ರವಾಸಿಕನಿಗೆ ಕುಳಗೇರಿ ಕ್ರಾಸು ಎದುರಾಗುವದು. ಇಲ್ಲಿಂದ ಒಂದು ದಾರಿಯು ಬಾದಾಮಿಯ ಕಡೆಗೆ ತಿರುಗುವದು. ಆ ದಾರಿಯನ್ನು ಹಿಡಿದು ಹೋದವನು ಕೆಲವೇ ಹರದಾರಿಗಳಲ್ಲಿ ಚಾಲುಕ್ಯರ ರಾಜಧಾನಿಯ ಕೆಂಗಲ್ಲಿನ ಬೆಟ್ಟಗಳನ್ನು ಕಾಣುವನು. ಅಲ್ಲಿಯ ಬಂಡೆಯೊಂದರ ಮೇಲೆ ಒಂದನೆಯ ಪುಲಕೇಶಿಯು ಶಕ ೪೬೫ರಲ್ಲಿ, ಎಂದರೆ ಕ್ರಿ. ಶ. ೫೪೩ರಲ್ಲಿ, ತಾನು ಕೋಟೆಯನ್ನು ಕಟ್ಟಿಸಿದ ಸಂಗತಿಯನ್ನು ಕೊರೆಯಿಸಿದನು. ಮೂರನೆಯ ಗುಹೆಯಲ್ಲಿ ಶಕ ೫೦೦ರ, ಎಂದರೆ ಕ್ರಿ. ಶ. ೫೭೮ರ, ಮಂಗಲೇಶನ ಲೇಖವಿರುವದು. ಅಲ್ಲಿಯೇ ಕನ್ನಡದ ಬರಹವೂ ಇರುವದು. ಸುಮಾರು ಕ್ರಿ. ಶ. ೭೦೦ರ ಕಪ್ಪೆ ಅರಭಟ್ಟನ ಶಾಸನವಂತೂ ತ್ರಿಪದಿಯ ಅತಿ ಪ್ರಾಚೀನವಾದ ಮಾದರಿಯನ್ನು ಕನ್ನಡಿಗರಿಗಾಗಿ ಕಾದಿಟ್ಟುಕೊಂಡು ಬಂದಿರುವದು.

ಕಲ್ಲಿನಲ್ಲಿ ಕೊರೆದರೂ, ಓಲೆಯಲ್ಲಿ ಬರೆದರೂ, ಅಚ್ಚಿನ ಮೊಳೆಗಳಿಂದ ಕಾಗದದ ಮೇಲೆ ಮೂಡಿಸಿದರೂ ಮನುಷ್ಯನು ಮಾಡುತ್ತ ಬಂದ ಕಾರ್ಯವು ಒಂದೇ: ತಾನು ಅರಿತುದನ್ನು ಕೆಡದಂತೆ ಇಡುವದು, ಮತ್ತು ಮುಂದಿನವರಿಗೆ ಅದನ್ನು ಮುಟ್ಟಿಸುವದು. ಈ ಕಾಲದಲ್ಲಿ ಆ ಕಾರ್ಯದ ಬಹುಭಾಗವು ಗಣಕಯಂತ್ರದ ಪಾಲಿಗೆ ಬಂದಿರುವದು. ಹೊಲದ ಉತಾರ, ಬ್ಯಾಂಕಿನ ಲೆಕ್ಕ, ಪರೀಕ್ಷೆಯ ಫಲಿತಾಂಶ, ಇವೆಲ್ಲವೂ ಈಗ ಆ ಯಂತ್ರದಿಂದಲೇ ಹೊರಬೀಳುವವು. ಹೀಗಿದ್ದರೂ ಈ ವಿದ್ಯೆಯು ಕನ್ನಡ ನಾಡಿಗೆ ಯಾವಾಗ, ಯಾರಿಂದ, ಯಾವ ರೀತಿಯಿಂದ ಬಂದಿತೆಂಬದನ್ನು ತಿಳಿದವರು ವಿರಳ. ೧೯೯೦ರ ಈಚೆಗೆ ಬೆಂಗಳೂರಿನಲ್ಲಿ ಹುಟ್ಟಿದ ಒಂದು ವ್ಯಾಪಾರವೆಂದೇ ಜನರು ಸಾಮಾನ್ಯವಾಗಿ ಇದನ್ನು ಭಾವಿಸುವರು. ಅದು ನಿಜವಲ್ಲ. ವ್ಯಾಪಾರಕ್ಕಿಂತ ಮೂವತ್ತು ವರ್ಷಗಳಿಗೂ ಮೊದಲೇ ಇಲ್ಲಿಗೆ ವಿದ್ಯೆಯು ಬಂದಿತ್ತು. ಅದು ನೆಲೆಗೊಂಡದ್ದು ಯಂತ್ರವನ್ನು ಕೊಂಡುದರಿಂದಲ್ಲ, ಕಲಿಸುವವರೂ ಕಲಿಯುವವರೂ ದೊರೆತುದರಿಂದ. ಆ ವೃತ್ತಾಂತವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗುವದು.

ಅಳೆಯುವ ಯಂತ್ರ

ಜಮಶೇಟಜಿ ಟಾಟಾರವರ ಸಂಕಲ್ಪದಿಂದಲೂ ಮೈಸೂರು ಸಂಸ್ಥಾನವು ದಾನವಾಗಿತ್ತ ಭೂಮಿಯಿಂದಲೂ ೧೯೦೯ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು ಸ್ಥಾಪಿತವಾಯಿತು. ಜನರು ಇಂದಿಗೂ ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವದುಂಟು. ೧೯೫೮ರಲ್ಲಿ ಅದಕ್ಕೆ ವಿಶ್ವವಿದ್ಯಾಲಯದ ಪದವಿಯು ದೊರೆಯಿತು. ಈ ಸಂಸ್ಥೆಯ ವಿದ್ಯುತ್ ಸಂಪರ್ಕ ಇಂಜನಿಯರಿಂಗ್ ವಿಭಾಗಕ್ಕೆ ೧೯೫೪ರಲ್ಲಿ ಅಮೇರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ವಿನ್ಸೆಂಟ್ ರೈಡೌಟ್ ಎಂಬ ಪ್ರಾಧ್ಯಾಪಕರು ಅತಿಥಿಗಳಾಗಿ ಬಂದರು. ಅವರ ನೇತೃತ್ವದಲ್ಲಿ ಅಲ್ಲಿ ಒಂದು ಗಣಕಯಂತ್ರವು ಸಿದ್ಧವಾಯಿತು. ಅದಕ್ಕೆ ‘ಪ್ರೆಡಾ’ ಎಂದು ಹೆಸರು. ಬಾಸ್ಟನ್ ನಗರದ ಫಿಲ್‌ಬ್ರಿಕ್‌ರ ಕಾರಖಾನೆಯಲ್ಲಿ ತಯಾರಾದ ವರ್ಧಕಗಳನ್ನು ಅದರಲ್ಲಿ ಉಪಯೋಗಿಸಿದ್ದರಿಂದ ಫಿಲ್‌ಬ್ರಿಕ್, ರೈಡೌಟ್ ಇವರಿಬ್ಬರ ಹೆಸರುಗಳ ಮೊದಲ ಅಕ್ಷರಗಳು ಆ ಹೆಸರಿನಲ್ಲಿ ಸೇರಿದವು.

ಆ ಕಾಲವು ಎಂತಹದೆಂಬದನ್ನು ಇಲ್ಲಿ ನೆನೆಯಬೇಕು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸುಮಾರು ೧೮,೦೦೦ ನಿರ್ವಾತ ನಳಿಕೆಗಳಿಂದ ಕೂಡಿದ ‘ಎನಿಯಾಕ್’ ಎಂಬ ಯಂತ್ರವನ್ನು ಲೋಕಕ್ಕೆ ತೋರಿಸಿ ಎಂಟು ವರ್ಷಗಳು ಮಾತ್ರ ಕಳೆದಿದ್ದವು. ಅಂಕಿಗಳನ್ನು ಎಣಿಸುವ ಗಣಕಯಂತ್ರವು ಭಾರತದಲ್ಲಿ ಇನ್ನೂ ಒಂದೂ ಇರಲಿಲ್ಲ. ಇಂಗ್ಲೆಂಡಿನಿಂದ ತರಿಸಿದ ಅಂಥ ಮೊದಲನೆಯ ಯಂತ್ರವು ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದದ್ದು ೧೯೫೫ರಲ್ಲಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್‌ರ ಮುಂದಾಳುತನದಲ್ಲಿ ಭಾರತೀಯರೇ ಕಟ್ಟಿದ ‘ಟಿಫ್ರಾಕ್’ ಯಂತ್ರವು ಪೂರ್ಣವಾಗಿ ಕೆಲಸಕ್ಕೆ ನಿಂತದ್ದು ೧೯೬೦ರಲ್ಲಿ. ಇವೆರಡಕ್ಕೂ ಮುಂಚೆ ಬೆಂಗಳೂರಿನಲ್ಲಿ ಪ್ರೆಡಾದ ಕೆಲಸವು ಆರಂಭವಾಗಿತ್ತು.

ಆದರೆ ಪ್ರೆಡಾ ಎಣಿಸುವ ಯಂತ್ರವಲ್ಲ. ಅದು ಅಳೆಯುವ ಯಂತ್ರ. ಈ ಭೇದವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ನವಿಲುತೀರ್ಥದ ಜಲಾಶಯಕ್ಕೆ ಮಲಪ್ರಭೆಯ ನೀರು ಒಂದು ದಿನ ಹೆಚ್ಚಾಗಿಯೂ ಮತ್ತೊಂದು ದಿನ ಕಡಿಮೆಯಾಗಿಯೂ ಹರಿದು ಬರುವದು. ಹರಿವಿನ ವೇಗವು ಗಳಿಗೆಗೊಮ್ಮೆ ಬದಲಾದರೂ ಒಟ್ಟು ಕೂಡಿದ ನೀರು ಎಷ್ಟೆಂಬದನ್ನು ಜಲಾಶಯದ ಮಟ್ಟವೇ ತೋರಿಸಿಕೊಡುವದು. ಕೂಡಿಸುವ ಲೆಕ್ಕವನ್ನು ಯಾರೂ ಕಾಗದದ ಮೇಲೆ ಮಾಡಬೇಕಾಗುವದಿಲ್ಲ. ಅದರಂತೆಯೇ ಈ ಯಂತ್ರದಲ್ಲಿ ವಿದ್ಯುತ್ತು ಒಂದು ಸಂಗ್ರಾಹಕದಲ್ಲಿ ಬಂದು ತುಂಬುವದು. ಅಲ್ಲಿಯ ಒತ್ತಡವನ್ನು ಅಳೆದರೆ ಕೂಡಿಕೆಯ ಉತ್ತರವು ದೊರೆಯುವದು. ಹಾರುವ ವಿಮಾನದ ತೂಗಾಟ, ಯಂತ್ರದ ಕಂಪನ, ವಿದ್ಯುತ್ತಿನ ಏರಿಳಿತ ಮೊದಲಾದವುಗಳನ್ನು ವರ್ಣಿಸುವ ಸಮೀಕರಣಗಳನ್ನು ಕೈಯಿಂದ ಬಿಡಿಸಲು ವಾರಗಟ್ಟಲೆ ಹಿಡಿಯುತ್ತಿತ್ತು. ಅಂಥವುಗಳ ಉತ್ತರವನ್ನು ಇಂಥ ಯಂತ್ರವು ಒಂದು ತೆರೆಯ ಮೇಲೆ ವಕ್ರರೇಖೆಯಾಗಿ ಬರೆದು ತೋರಿಸುತ್ತಿತ್ತು. ಲೆಕ್ಕವೆಂಬದು ಅಂಕಿಗಳ ಸಾಲು ಮಾತ್ರವಲ್ಲ, ಪ್ರಕೃತಿಯ ಒಂದು ನಡೆಯನ್ನು ಇನ್ನೊಂದು ನಡೆಯಿಂದ ಅನುಕರಿಸುವದು ಕೂಡ ಲೆಕ್ಕವೇ ಎಂಬ ತತ್ವವನ್ನು ವಿದ್ಯಾರ್ಥಿಗಳು ಅಲ್ಲಿ ಕಣ್ಣಾರೆ ಕಂಡರು.

ವಿದ್ಯಾರ್ಥಿಯೊಬ್ಬರ ಪ್ರಯಾಣ

ರೈಡೌಟರು ಬಂದು ಹೋದದ್ದು ಅಲ್ಪಕಾಲದ ಮಾತು. ಅವರೊಡನೆಯೇ ಯಂತ್ರದ ಕಥೆಯು ಮುಗಿದಿದ್ದರೆ ಅದನ್ನು ಇಂದು ಸ್ಮರಿಸುವ ಕಾರಣವಿರುತ್ತಿರಲಿಲ್ಲ. ಆದರೆ ಆ ಯಂತ್ರದ ಸುತ್ತಲೂ ಕಲಿತ ವಿದ್ಯಾರ್ಥಿಗಳಲ್ಲಿ ವೈದ್ಯೇಶ್ವರನ್ ರಾಜಾರಾಮನ್ ಎಂಬ ತರುಣರು ಒಬ್ಬರಿದ್ದರು. ೧೯೩೩ರಲ್ಲಿ ಈರೋಡಿನಲ್ಲಿ ಹುಟ್ಟಿ, ದಿಲ್ಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿ, ಬೆಂಗಳೂರಿನ ಸಂಸ್ಥೆಯಿಂದ ೧೯೫೫ರಲ್ಲಿ ಡಿಪ್ಲೋಮಾ ಪಡೆದವರು ಅವರು. ಅಳೆಯುವ ಗಣಕಯಂತ್ರಕ್ಕೆ ಕೂಡಿಸುವದು ಸುಲಭ, ಒಂದು ಬದಲಾಗುವ ಪರಿಮಾಣವನ್ನು ಇನ್ನೊಂದರಿಂದ ಗುಣಿಸುವಂಥ ಕ್ರಿಯೆಗಳು ಕಠಿಣ. ಅಂಥ ಕ್ರಿಯೆಗಳನ್ನು ನಡೆಯಿಸುವ ಅಂಗಗಳನ್ನು ರಾಜಾರಾಮನ್‌ರು ತಾವೇ ರಚಿಸಿ, ಕಟ್ಟಿ, ಅವುಗಳಿಂದ ಇಂಜನಿಯರಿಂಗಿನ ಸಮಸ್ಯೆಗಳನ್ನು ಬಿಡಿಸಿದರು. ಈ ಸಂಶೋಧನೆಗಾಗಿ ೧೯೫೭ರಲ್ಲಿ ಅವರಿಗೆ ಸಂಸ್ಥೆಯ ಅಸೋಸಿಯೇಟ್ ಪದವಿಯು ಲಭಿಸಿತು. ಅನಂತರ ಅವರು ಅಮೇರಿಕೆಗೆ ಹೋಗಿ, ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಓದಿ, ರೈಡೌಟರು ಅಧ್ಯಾಪಕರಾಗಿದ್ದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದಲೇ ೧೯೬೧ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು.

ಅವರು ಪರದೇಶದಲ್ಲಿಯೇ ನಿಲ್ಲಬಹುದಾಗಿತ್ತು, ನಿಲ್ಲಲಿಲ್ಲ. ಕಾನಪುರದಲ್ಲಿ ಹೊಸದಾಗಿ ತಲೆಯೆತ್ತಿದ್ದ ಭಾರತೀಯ ತಾಂತ್ರಿಕ ಸಂಸ್ಥೆಯನ್ನು ಬಂದು ಸೇರಿದರು. ಆ ಸಂಸ್ಥೆಗೆ ಅಮೇರಿಕೆಯ ಒಂಬತ್ತು ವಿದ್ಯಾಪೀಠಗಳ ಕೂಟವು ನೆರವು ನೀಡುತ್ತಿತ್ತು. ೧೯೬೩ರಲ್ಲಿ ಅಲ್ಲಿ ಐ.ಬಿ.ಎಂ. ೧೬೨೦ ಎಂಬ ಯಂತ್ರವನ್ನು ಸ್ಥಾಪಿಸಲಾಯಿತು. ಆ ಯಂತ್ರವನ್ನು ಕೋಣೆಯಲ್ಲಿಟ್ಟು ಬೀಗ ಹಾಕದೆ, ವಿದ್ಯಾರ್ಥಿಗಳ ಕೈಗೆ ಕೊಟ್ಟು ಕಲಿಸಿದ್ದು ಆ ಕಾಲಕ್ಕೆ ವಿಶೇಷವಾದ ಸಂಗತಿ. ದೇಶದ ನಾನಾ ಭಾಗಗಳ ಅಧ್ಯಾಪಕರಿಗೂ ವಿಜ್ಞಾನಿಗಳಿಗೂ ಹತ್ತು ದಿನಗಳ ಪಾಠವರ್ಗಗಳನ್ನು ಏರ್ಪಡಿಸಿ, ಫೋರ್ಟ್ರಾನ್ ಎಂಬ ಭಾಷೆಯಲ್ಲಿ ಕ್ರಮವಿಧಿಗಳನ್ನು ಬರೆಯುವ ರೀತಿಯನ್ನು ಅಲ್ಲಿ ಕಲಿಸಲಾಯಿತು. ಆ ಪಾಠದ ಟಿಪ್ಪಣಿಗಳೇ ಬೆಳೆದು ೧೯೬೯ರಲ್ಲಿ ರಾಜಾರಾಮನ್‌ರ ಪಠ್ಯಪುಸ್ತಕವಾಗಿ ಹೊರಬಂದವು. ಪರದೇಶದ ಪುಸ್ತಕವನ್ನು ಕೊಳ್ಳಲಾರದ ವಿದ್ಯಾರ್ಥಿಯೂ ಕೊಳ್ಳುವಂತೆ ಅದರ ಬೆಲೆಯನ್ನು ಕಡಿಮೆಯಾಗಿಡಲಾಗಿತ್ತು. ಹೈಸ್ಕೂಲಿನಲ್ಲಿ ಕನ್ನಡದಲ್ಲಿ ಓದಿ ಕಾಲೇಜಿನಲ್ಲಿ ಇಂಗ್ಲಿಷಿಗೆ ತಡವರಿಸುತ್ತಿದ್ದ ಎಷ್ಟೋ ಹುಡುಗರು ಸರಳವಾದ ಮಾತಿನಲ್ಲಿ ಬರೆದ ಅವರ ಗ್ರಂಥಗಳಿಂದಲೇ ಈ ಶಾಸ್ತ್ರದ ಓಂಕಾರವನ್ನು ಕಲಿತರು.

ಎಣಿಸುವ ಯಂತ್ರವು ಬೆಂಗಳೂರಿಗೆ ಬಂದದ್ದು

ಇತ್ತ ಬೆಂಗಳೂರಿನ ಸಂಸ್ಥೆಯಲ್ಲಿ ೧೯೬೯ರಲ್ಲಿ ‘ಸ್ಕೂಲ್ ಆಫ್ ಆಟೊಮೇಶನ್’ ಎಂಬ ವಿಭಾಗವು ಹುಟ್ಟಿತು. ಅದೇ ಮುಂದೆ ಗಣಕಶಾಸ್ತ್ರ ಮತ್ತು ಸ್ವಯಂಚಾಲನ ವಿಭಾಗವೆಂದು ಹೆಸರಾಯಿತು. ೧೯೭೦ರಲ್ಲಿ ಸಂಸ್ಥೆಯ ಎಲ್ಲ ವಿಭಾಗಗಳಿಗೂ ಉಪಯೋಗವಾಗುವಂತೆ ಒಂದು ಗಣಕ ಕೇಂದ್ರವು ಸ್ಥಾಪನೆಯಾಗಿ, ಅಲ್ಲಿ ಐ.ಬಿ.ಎಂ. ೩೬೦/೪೪ ಯಂತ್ರವು ಬಂದು ಕುಳಿತಿತು.

ಇಂದಿನ ಬಾಲಕರಿಗೆ ಆ ದಿನಗಳ ಅಭ್ಯಾಸಕ್ರಮವು ವಿಚಿತ್ರವಾಗಿ ತೋರಬಹುದು. ಆಗ ವಿದ್ಯಾರ್ಥಿಯು ಯಂತ್ರದ ಮುಂದೆ ಕುಳಿತುಕೊಳ್ಳುತ್ತಿರಲಿಲ್ಲ. ತನ್ನ ಕ್ರಮವಿಧಿಯನ್ನು ಮೊದಲು ಕಾಗದದ ಮೇಲೆ ಬರೆಯಬೇಕು. ಬಳಿಕ ಒಂದೊಂದು ಸಾಲಿಗೆ ಒಂದೊಂದರಂತೆ ರಟ್ಟಿನ ಚೀಟಿಗಳಲ್ಲಿ ತೂತುಗಳನ್ನು ಹೊಡೆಯಿಸಬೇಕು. ಒಂದು ಚೀಟಿಯಲ್ಲಿ ೮೦ ಕಂಬಸಾಲುಗಳು. ಒಂದು ಸಾಲಿಗೆ ಒಂದು ಅಕ್ಷರ. ಆ ಚೀಟಿಗಳ ಕಟ್ಟನ್ನು ಕೇಂದ್ರದಲ್ಲಿ ಒಪ್ಪಿಸಿ, ಸರದಿ ಬರುವ ತನಕ ಕಾದು, ಅಚ್ಚಾದ ಉತ್ತರವನ್ನು ತಂದುಕೊಳ್ಳಬೇಕು. ಒಂದು ಅಲ್ಪವಿರಾಮವು ತಪ್ಪಿದ್ದರೂ ಉತ್ತರದ ಬದಲು ದೋಷದ ಸೂಚನೆಯೇ ಬರುತ್ತಿತ್ತು. ಪುನಃ ಮೊದಲಿನಿಂದ ಆರಂಭ. ಚೀಟಿಗಳ ಕಟ್ಟು ಕೈಜಾರಿ ಚೆದರಿತೆಂದರೆ ಅವುಗಳನ್ನು ಕ್ರಮವಾಗಿ ಜೋಡಿಸುವದೇ ಒಂದು ತಪಸ್ಸು. ಆದರೆ ಈ ಕಷ್ಟದಿಂದ ಒಂದು ಲಾಭವೂ ಆಯಿತು. ಯಂತ್ರಕ್ಕೆ ಕೊಡುವ ಮೊದಲು ಮನಸ್ಸಿನಲ್ಲಿಯೇ ಎಲ್ಲವನ್ನೂ ನಡೆಯಿಸಿ ನೋಡುವ ಶಿಸ್ತನ್ನು ಆ ಪೀಳಿಗೆಯು ಕಲಿತಿತು.

ಆ ಪೀಳಿಗೆಯಲ್ಲಿ ಈ ಸೀಮೆಯಿಂದ ಹೋದವರೂ ಇದ್ದರು. ಶಿಗ್ಗಾವಿಯಲ್ಲಿ ಹುಟ್ಟಿ, ಹುಬ್ಬಳ್ಳಿಯ ಬಿ.ವಿ.ಬಿ. ಇಂಜನಿಯರಿಂಗ್ ಕಾಲೇಜಿನಲ್ಲಿ ಓದಿದ ಸುಧಾ ಕುಲಕರ್ಣಿಯವರು ಬೆಂಗಳೂರಿನ ಸಂಸ್ಥೆಯಲ್ಲಿ ಗಣಕಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಪಡೆದರು. ಹೆಣ್ಣುಮಕ್ಕಳು ಇಂಜನಿಯರಿಂಗ್ ಓದುವದೇ ಅಪರೂಪವಾಗಿದ್ದ ಕಾಲವದು. ಮುಂದೆ ಸುಧಾ ಮೂರ್ತಿಯೆಂಬ ಹೆಸರಿನಿಂದ ಪ್ರಸಿದ್ಧರಾದ ಅವರು ಗಣಕಶಾಸ್ತ್ರದ ಅಧ್ಯಾಪಿಕೆಯಾಗಿ ಕೆಲಸ ಮಾಡಿದರು. ಶಾಲೆಯ ಮಕ್ಕಳಿಗಾಗಿ ಕಂಪ್ಯೂಟರಿನ ವಿಷಯವನ್ನು ಕನ್ನಡದಲ್ಲಿಯೇ ತಿಳಿಸುವ ಪುಸ್ತಕವನ್ನೂ ಬರೆದರು. ರಾಜಾರಾಮನ್‌ರು ಕೂಡ ೧೯೮೨ರಲ್ಲಿ ಕಾನಪುರದಿಂದ ತಾವು ಕಲಿತ ಬೆಂಗಳೂರಿಗೇ ಮರಳಿ ಬಂದು, ಅಲ್ಲಿಯ ಗಣಕ ಕೇಂದ್ರದ ಹೊಣೆಯನ್ನು ಹೊತ್ತರು. ೧೯೯೦ರಲ್ಲಿ ಅದು ಸೂಪರ್ ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನ ಕೇಂದ್ರವಾಯಿತು. ದೇಶದ ವಿಶ್ವವಿದ್ಯಾಲಯಗಳಲ್ಲಿ ಎಂ.ಸಿ.ಎ. ಎಂಬ ಪದವಿಯ ಅಭ್ಯಾಸಕ್ರಮವು ರೂಪುಗೊಂಡದ್ದು ಅವರ ಅಧ್ಯಕ್ಷತೆಯಲ್ಲಿ. ಅಳೆಯುವ ಯಂತ್ರದ ಒಂದು ಅಂಗವನ್ನು ಕಟ್ಟಿದ ವಿದ್ಯಾರ್ಥಿಯು ಹೀಗೆ ಒಂದು ದೇಶದ ವಿದ್ಯಾಕ್ರಮವನ್ನೇ ಕಟ್ಟುವ ಗುರುವಾದನು. ಪ್ರೆಡಾದ ದಿನಗಳು ಎಂದೋ ತೀರಿದವು. ಅದರ ಮುಂದೆ ಕಲಿತವನ ಪಾಠವು ನಿಲ್ಲಲಿಲ್ಲ.

ಉತ್ತರ ಕರ್ನಾಟಕದ ವಿದ್ಯಾಲಯಗಳು

ಒಂದು ಕಡೆಯಲ್ಲಿ ಬೆಳೆದ ವಿದ್ಯೆಯು ಬೇರೆಡೆಗೆ ಹರಿಯಬೇಕಾದರೆ ಕಾಲುವೆಗಳು ಮೊದಲೇ ತೋಡಿರಬೇಕು. ಈ ವಿಷಯದಲ್ಲಿ ಕನ್ನಡ ನಾಡಿನ ಮಠಗಳೂ ವಿದ್ಯಾಸಂಘಗಳೂ ಮಾಡಿದ ಕಾರ್ಯವನ್ನು ಮರೆಯಲಾಗದು. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜನ್ನು ಕೆ.ಎಲ್.ಇ. ಸಂಸ್ಥೆಯು ೧೯೪೭ರಲ್ಲಿ ತೆರೆಯಿತು. ಕಾನಪುರಕ್ಕೆ ಐ.ಬಿ.ಎಂ. ಯಂತ್ರವು ಬಂದ ೧೯೬೩ನೆಯ ವರ್ಷದಲ್ಲಿಯೇ ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು ಬಸವೇಶ್ವರ ಇಂಜನಿಯರಿಂಗ್ ಕಾಲೇಜನ್ನು ಸ್ಥಾಪಿಸಿತು. ಅದೇ ವರ್ಷ ತುಮಕೂರಿನಲ್ಲಿ ಸಿದ್ಧಗಂಗೆಯ ಮಠದ ಆಶ್ರಯದಲ್ಲಿಯೂ, ಮೈಸೂರಿನಲ್ಲಿ ಸುತ್ತೂರು ಮಠದ ವಿದ್ಯಾಪೀಠದ ಆಶ್ರಯದಲ್ಲಿಯೂ ಇಂಜನಿಯರಿಂಗ್ ಕಾಲೇಜುಗಳು ಆರಂಭವಾದವು.

ಇವುಗಳನ್ನು ತೆರೆದ ದಿನ ಇವುಗಳಲ್ಲಿ ಗಣಕಶಾಸ್ತ್ರವೆಂಬ ವಿಭಾಗವು ಇರಲಿಲ್ಲ. ಅಂಥ ವಿಭಾಗವು ಬೇಕಾಗುವದೆಂದು ಬಹುಜನರಿಗೆ ತೋಚಿಯೂ ಇರಲಿಲ್ಲ. ಆದರೆ ಕಟ್ಟಡ, ಪ್ರಯೋಗಶಾಲೆ, ಗಣಿತದ ಅಧ್ಯಾಪಕರು, ಹಳ್ಳಿಯ ಹುಡುಗರಿಗೆ ಊಟ ವಸತಿ, ಇವೆಲ್ಲವೂ ಸಿದ್ಧವಿದ್ದುದರಿಂದ ಹೊಸ ಶಾಸ್ತ್ರವು ಬಂದಾಗ ಅದಕ್ಕೆ ಮನೆಯು ದೊರೆಯಿತು. ೧೯೯೮ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಸ್ಥಾಪಿತವಾದ ಮೇಲೆ ನಾಡಿನ ಇಂಜನಿಯರಿಂಗ್ ಕಾಲೇಜುಗಳ ಬಹುಭಾಗವು ಒಂದೇ ಅಭ್ಯಾಸಕ್ರಮದ ಕೆಳಗೆ ಬಂದಿತು. ಬಾದಾಮಿ ಹುನಗುಂದಗಳ ಹುಡುಗನು ಬೆಂಗಳೂರಿನ ಹುಡುಗನಿಗೆ ಕೇಳಿದ ಪ್ರಶ್ನೆಗಳಿಗೇ ಉತ್ತರ ಬರೆಯುವಂತಾಯಿತು.

ಶಾಲೆಯ ಬಾಗಿಲು, ಭಾಷೆಯ ಬೀಗ

ವಿಶ್ವವಿದ್ಯಾಲಯದ ಮಾತು ಹೀಗಾದರೆ ಶಾಲೆಯ ಮಾತು ಬೇರೆ. ೧೯೮೪ರಲ್ಲಿ ಭಾರತ ಸರಕಾರವು ಶಾಲೆಗಳಲ್ಲಿ ಗಣಕಜ್ಞಾನವನ್ನು ಹರಡುವ ಸಲುವಾಗಿ ‘ಕ್ಲಾಸ್’ ಎಂಬ ಯೋಜನೆಯನ್ನು ಹಮ್ಮಿಕೊಂಡಿತು. ಮೊದಲು ದೇಶದ ಸುಮಾರು ೨೫೦ ಶಾಲೆಗಳಿಗೆ ಇಂಗ್ಲೆಂಡಿನ ‘ಬಿ.ಬಿ.ಸಿ. ಮೈಕ್ರೊ’ ಎಂಬ ಚಿಕ್ಕ ಯಂತ್ರಗಳನ್ನು ಕೊಡಲಾಯಿತು. ಉದ್ದೇಶವು ಉದಾತ್ತವಾದುದು. ಆದರೆ ಆ ಯಂತ್ರದ ಕೀಲಿಮಣೆಯೂ ಇಂಗ್ಲಿಷು, ಅದರಲ್ಲಿಯ ಪಾಠವೂ ಇಂಗ್ಲಿಷು. ಕನ್ನಡ ಶಾಲೆಯ ಬಾಲಕನಿಗೆ ಅದು ತೆರೆದ ಬಾಗಿಲಲ್ಲಿ ನೇತುಹಾಕಿದ ಬೀಗದಂತಿತ್ತು. ಕಲಿಯಬೇಕಾದುದು ಗಣಿತ, ದಾಟಬೇಕಾದುದು ಪರಭಾಷೆ.

ಈ ಶಾಸ್ತ್ರಕ್ಕೆ ಕನ್ನಡವು ಸಾಲದೆಂದು ಕೆಲವರು ಹೇಳುವರು. ಆ ಮಾತಿಗೆ ಈ ನಾಡಿನ ಇತಿಹಾಸವೇ ಉತ್ತರವನ್ನು ಕೊಡುವದು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿ ರಚಿಸಿ, ಲೆಕ್ಕವನ್ನು ದೇಶಭಾಷೆಯಲ್ಲಿ ಕಲಿಸಬಹುದೆಂದು ತೋರಿಸಿದನು. ಎಂಟು ಶತಮಾನಗಳ ಹಿಂದೆ ಸಾಧ್ಯವಾದುದು ಇಂದು ಅಸಾಧ್ಯವೆಂದರೆ ಕೊರತೆಯು ಭಾಷೆಯಲ್ಲಿಲ್ಲ, ಪ್ರಯತ್ನದಲ್ಲಿದೆ.

ಪ್ರಯತ್ನವು ಆಗಲಿಲ್ಲವೆಂದಲ್ಲ. ಮೊದಲನೆಯ ತೊಡಕು ಲಿಪಿಯದು. ‘ಶಾಸ್ತ್ರ’ ಎಂಬ ಶಬ್ದವನ್ನೇ ತೆಗೆದುಕೊಂಡರೆ, ಸಕಾರದ ಕೆಳಗೆ ತಕಾರ, ಅದರ ಕೆಳಗೆ ರಕಾರ. ಹೀಗೆ ಅಕ್ಷರಗಳು ಒಂದರ ಮೇಲೊಂದು ಕೂಡುವವು. ಇಂಥ ಕೂಡಕ್ಷರಗಳಿಗೆಲ್ಲ ಬೇರೆ ಬೇರೆ ಕೀಲಿಗಳನ್ನು ಇಡಹೋದರೆ ಎಷ್ಟು ಕೀಲಿಗಳೂ ಸಾಲವು. ಆಗ ಪಂಡಿತರು ಒಂದು ಸಂಗತಿಯನ್ನು ಮನಗಂಡರು. ಭಾರತದ ಬಹುತೇಕ ಲಿಪಿಗಳು ಬ್ರಾಹ್ಮಿಯ ಸಂತತಿಯವು. ಬಾದಾಮಿಯ ಬಂಡೆಯ ಮೇಲಿನ ಅಕ್ಷರಗಳೂ ಆ ಕುಲದವೇ. ಎಲ್ಲವುಗಳಲ್ಲಿಯೂ ಕಕಾರ ಖಕಾರಗಳ ಅದೇ ಕ್ರಮ, ಕಾಗುಣಿತದ ಅದೇ ನಿಯಮ. ಆದುದರಿಂದ ಯಂತ್ರದ ಒಳಗೆ ಮೂಲಾಕ್ಷರಗಳನ್ನು ಉಚ್ಚಾರದ ಕ್ರಮದಲ್ಲಿ ಇಟ್ಟು, ಅವು ಕೂಡಿ ಕಾಣುವ ಆಕಾರವನ್ನು ತಂತ್ರಾಂಶದಿಂದ ಮೂಡಿಸಿದರೆ ಸಾಕು. ಈ ತತ್ವದ ಮೇಲೆ ೧೯೮೦ರ ದಶಕದಲ್ಲಿ ಕಾನಪುರದ ತಾಂತ್ರಿಕ ಸಂಸ್ಥೆಯಲ್ಲಿ ಮೊದಲು ದೇವನಾಗರಿಗೂ, ಮುಂದೆ ಇತರ ಭಾರತೀಯ ಲಿಪಿಗಳಿಗೂ ಕೆಲಸವು ನಡೆಯಿತು. ಪುಣೆಯ ಸಿ-ಡ್ಯಾಕ್ ಸಂಸ್ಥೆಯು ಅದನ್ನು ಬೆಳೆಯಿಸಿತು. ೧೯೯೧ರಲ್ಲಿ ಅದು ಭಾರತದ ಪ್ರಮಾಣವಾಯಿತು. ಅದೇ ವರ್ಷ ಪ್ರಕಟವಾದ ‘ಯೂನಿಕೋಡ್’ ಎಂಬ ಜಾಗತಿಕ ಸಂಕೇತಕ್ರಮದಲ್ಲಿಯೂ ಕನ್ನಡಕ್ಕೆ ಸ್ಥಾನವು ದೊರೆಯಿತು.

ಕೀಲಿಮಣೆಯ ತೊಡಕನ್ನು ಬಿಡಿಸಿದವರಲ್ಲಿ ಮಂಗಳೂರ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾಯರು ಅಗ್ರಗಣ್ಯರು. ಇಂಗ್ಲಿಷ್ ಕೀಲಿಮಣೆಯ ೨೬ ಅಕ್ಷರದ ಕೀಲಿಗಳಿಂದಲೇ, ಉಚ್ಚಾರವನ್ನನುಸರಿಸಿ ಇಡೀ ಕನ್ನಡವನ್ನು ಬರೆಯುವ ಏರ್ಪಾಟನ್ನು ಅವರು ರೂಪಿಸಿದರು. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ಕನ್ನಡದ ತಂತ್ರಾಂಶವನ್ನು ಕೊಟ್ಟರು. ಅವರ ಕೀಲಿಮಣೆಯ ಕ್ರಮವೇ ಮುಂದೆ ಕರ್ನಾಟಕ ಸರಕಾರದ ಪ್ರಮಾಣಕ್ಕೆ ಆಧಾರವಾಯಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಎಂಬ ತಂತ್ರಾಂಶವು ಸರಕಾರದ ಮೂಲಕ ಯಾರಿಗಾದರೂ ಬೆಲೆಯಿಲ್ಲದೆ ದೊರೆಯುವಂತಾಯಿತು. ತಾಲೂಕು ಕಚೇರಿಯಿಂದ ಹಿಡಿದು ಊರ ಮುದ್ರಣಾಲಯದ ವರೆಗೆ ಕನ್ನಡದ ಬರಹವು ಯಂತ್ರದ ಮೇಲೆ ನಡೆಯಲು ಇದು ಕಾರಣವಾಯಿತು.

ಮಾತನಾಡುವ ಯಂತ್ರ

ಬರೆಯುವವನಿಗೆ ಹೀಗೆ ಅನುಕೂಲವಾಯಿತು. ಓದಲು ಬಾರದವನ ಗತಿಯೇನು? ಈ ಪ್ರಶ್ನೆಯನ್ನು ಎತ್ತಿಕೊಂಡವರು ಬೆಂಗಳೂರಿನ ಅದೇ ವಿಜ್ಞಾನ ಸಂಸ್ಥೆಯ ಅಧ್ಯಾಪಕರು: ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ ಹರಿಹರನ್, ವಿ. ವಿನಯ್ ಎಂಬ ನಾಲ್ವರು. ಎನ್‌ಕೋರ್ ಎಂಬ ಕಂಪನಿಯ ಇಂಜನಿಯರರೊಡನೆ ಕೂಡಿ ಅವರು ‘ಸಿಂಪ್ಯೂಟರ್’ ಎಂಬ ಅಂಗೈಯಗಲದ ಗಣಕಯಂತ್ರವನ್ನು ರಚಿಸಿ, ೨೦೦೧ರಲ್ಲಿ ಲೋಕದ ಮುಂದಿಟ್ಟರು. ಬಡವರಿಗೂ ಕೈಗೆಟುಕುವಂತೆ ಸುಮಾರು ಒಂಬತ್ತು ಸಾವಿರ ರೂಪಾಯಿಗಳ ಬೆಲೆಯಲ್ಲಿ ಅದನ್ನು ಕೊಡಬೇಕೆಂಬದು ಅವರ ಸಂಕಲ್ಪವಾಗಿತ್ತು.

ಆ ಯಂತ್ರದ ಹಿಂದಿದ್ದ ವಿಚಾರವು ಬೆಲೆಗಿಂತಲೂ ಹಿರಿದು. ಅದಕ್ಕೆ ಕೀಲಿಮಣೆಯಿರಲಿಲ್ಲ, ತೆರೆಯನ್ನು ಮುಟ್ಟಿ ನಡೆಯಿಸಬಹುದಾಗಿತ್ತು. ಓದಲು ಬಾರದವನಿಗೆ ಅದು ಓದಿ ಹೇಳಬೇಕಾಗಿತ್ತು. ಆ ಸಲುವಾಗಿ ರಮೇಶ ಹರಿಹರನ್‌ರು ‘ಧ್ವನಿ’ ಎಂಬ ತಂತ್ರಾಂಶವನ್ನು ಆರಂಭಿಸಿದರು. ಬರಹವನ್ನು ಮಾತಾಗಿ ನುಡಿಯುವ ಈ ತಂತ್ರಾಂಶವು ಮೊದಲು ಹಿಂದಿ ಮತ್ತು ಕನ್ನಡಗಳಲ್ಲಿ ಮಾತನಾಡಿತು. ಇನ್ನೊಂದು ವಿಶೇಷವೆಂದರೆ, ಯಂತ್ರವನ್ನು ಒಬ್ಬನೇ ಕೊಳ್ಳಬೇಕಾಗಿರಲಿಲ್ಲ. ಊರಿಗೆ ಒಂದು ಯಂತ್ರವಿದ್ದು, ಒಬ್ಬೊಬ್ಬರ ಹತ್ತಿರ ಒಂದೊಂದು ಚಿಕ್ಕ ಕಾರ್ಡು ಇದ್ದರೆ ಸಾಕು. ಕಾರ್ಡನ್ನು ಸೇರಿಸಿದೊಡನೆ ಯಂತ್ರವು ಅವನದಾಗುವದು, ತೆಗೆದೊಡನೆ ಮತ್ತೊಬ್ಬನದಾಗುವದು. ಊರ ಬಾವಿಯೊಂದು, ಮನೆಮನೆಯ ಕೊಡ ಬೇರೆ ಎಂಬ ನಮ್ಮ ಹಳ್ಳಿಗಳ ಪದ್ಧತಿಯೇ ಅಲ್ಲಿ ಯಂತ್ರದ ರೂಪವನ್ನು ತಾಳಿತ್ತು.

ವ್ಯಾಪಾರದ ದೃಷ್ಟಿಯಿಂದ ಸಿಂಪ್ಯೂಟರ್ ಗೆಲ್ಲಲಿಲ್ಲ. ಭಾರತ ಇಲೆಕ್ಟ್ರಾನಿಕ್ಸ್ ಕಾರಖಾನೆಯಲ್ಲಿ ತಯಾರಾಗಿ ೨೦೦೪ರಲ್ಲಿ ‘ಅಮಿಡಾ’ ಎಂಬ ಹೆಸರಿನಿಂದ ಪೇಟೆಗೆ ಬಂದರೂ ಅದು ಕೆಲವು ಸಾವಿರಗಳ ಸಂಖ್ಯೆಯಲ್ಲಿ ಮಾತ್ರ ಮಾರಾಟವಾಯಿತು. ಬಳಿಕ ಬಂದ ಮೊಬೈಲ್ ದೂರವಾಣಿಗಳು ಅದರ ಸ್ಥಾನವನ್ನು ಆಕ್ರಮಿಸಿದವು. ಆದರೆ ಸೋತ ಯಂತ್ರವೆಲ್ಲ ವ್ಯರ್ಥವಲ್ಲ. ಬೆರಳಿನಿಂದ ಮುಟ್ಟಿ ನಡೆಯಿಸುವದು, ದೇಶಭಾಷೆಯಲ್ಲಿ ಕೇಳಿಸುವದು, ಓದು ಬಾರದವನನ್ನು ಹೊರಗಿಡದಿರುವದು ಎಂಬ ಗುರಿಗಳನ್ನು ಅದು ಮೊದಲೇ ನಿಶ್ಚಯಿಸಿ ತೋರಿಸಿತ್ತು. ‘ಧ್ವನಿ’ಯಾದರೂ ಯಾರು ಬೇಕಾದರೂ ತಿದ್ದಿ ಬೆಳೆಯಿಸಬಹುದಾದ ಮುಕ್ತ ತಂತ್ರಾಂಶವಾಗಿದ್ದುದರಿಂದ ಬೇರೆಯವರ ಕೈಯಲ್ಲಿ ಮುಂದುವರಿದು ಭಾರತದ ಇತರ ಭಾಷೆಗಳನ್ನೂ ನುಡಿಯಿತು. ಅದೇ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್‌ರ ಪ್ರಯೋಗಶಾಲೆಯು ಅಚ್ಚಾದ ಕನ್ನಡ ಪುಟವನ್ನು ಯಂತ್ರವೇ ಓದುವಂತೆ ಮಾಡುವ ‘ಲಿಪಿ ಜ್ಞಾನಿ’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿತು. ಹೀಗೆ ಯಂತ್ರವು ಓದಿದ ಪುಟವನ್ನು ಬ್ರೈಲ್ ಲಿಪಿಗಾಗಲಿ ಮಾತಿಗಾಗಲಿ ಮಾರ್ಪಡಿಸಿ ಅಂಧರಿಗೆ ಮುಟ್ಟಿಸಬಹುದು. ಅದರ ಬೆಲೆಯೇನೆಂಬದನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ಕಂಡ ಈ ಸೀಮೆಯ ಜನರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಉಳಿದಿರುವ ಋಣ

ಈ ಎಲ್ಲ ವೃತ್ತಾಂತದಿಂದ ಎರಡು ಸಂಗತಿಗಳು ಸ್ಪಷ್ಟವಾಗುವವು. ಮೊದಲನೆಯದಾಗಿ, ಯಂತ್ರಗಳ ಆಯುಷ್ಯವು ಅಲ್ಪ. ಪ್ರೆಡಾ ಹೋಯಿತು, ರಟ್ಟಿನ ಚೀಟಿಗಳು ಹೋದವು, ಐ.ಬಿ.ಎಂ. ಯಂತ್ರವು ಹೋಯಿತು, ಸಿಂಪ್ಯೂಟರೂ ಹೋಯಿತು. ಉಳಿದದ್ದು ಗುರುವಿನಿಂದ ಶಿಷ್ಯನಿಗೆ, ಪುಸ್ತಕದಿಂದ ಓದುಗನಿಗೆ ನಡೆದು ಬಂದ ಅರಿವು. ಎರಡನೆಯದಾಗಿ, ಆ ಅರಿವು ದೂರದ ದೇಶದಿಂದ ಬೆಂಗಳೂರಿಗೆ ಬಂದು ತಲುಪಿದಷ್ಟು ಬೇಗ ಬೆಂಗಳೂರಿನಿಂದ ಹಳ್ಳಿಯ ಶಾಲೆಗೆ ಬಂದು ತಲುಪಲಿಲ್ಲ. ಸಾಗರವನ್ನು ದಾಟಿದ ವಿದ್ಯೆಯು ಭಾಷೆಯ ಹೊಸ್ತಿಲಲ್ಲಿ ತಡೆದು ನಿಂತಿತು.

ಆ ಹೊಸ್ತಿಲನ್ನು ದಾಟಿಸುವ ಸಾಮಗ್ರಿಯು ಇಂದು ಸಿದ್ಧವಿದೆ. ಯಂತ್ರವು ಕನ್ನಡವನ್ನು ಬರೆಯಬಲ್ಲದು, ಓದಬಲ್ಲದು, ನುಡಿಯಬಲ್ಲದು. ೨೦೨೧ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿ ದೇಶಭಾಷೆಗಳಲ್ಲಿ ಇಂಜನಿಯರಿಂಗ್ ಕಲಿಸಲು ಅನುಮತಿಯನ್ನಿತ್ತಿತು. ಆದರೆ ಅನುಮತಿಯು ಪಾಠವಲ್ಲ. ಕಾನಪುರದಲ್ಲಿ ಯಂತ್ರದೊಡನೆ ಹತ್ತು ದಿನಗಳ ಪಾಠವರ್ಗವೂ, ಅಗ್ಗದ ಬೆಲೆಯ ಪುಸ್ತಕವೂ, ತಾಳ್ಮೆಯ ಗುರುವೂ ಕೂಡಿದ್ದರಿಂದಲೇ ವಿದ್ಯೆಯು ದೇಶವೆಲ್ಲ ಹರಡಿತೆಂಬದನ್ನು ಮರೆಯಬಾರದು. ಆ ಮೂರು ಸಂಗತಿಗಳು ಕನ್ನಡದಲ್ಲಿ, ತಾಲೂಕು ತಾಲೂಕಿನಲ್ಲಿ ಒದಗಿಬರಬೇಕಾಗಿದೆ. ೧೯೬೩ರಲ್ಲಿ ನಾಳೆಯ ಶಾಸ್ತ್ರವು ಯಾವುದೆಂದು ತಿಳಿಯದೆಯೂ ಕಾಲೇಜುಗಳನ್ನು ಕಟ್ಟಿದ ಹಿರಿಯರ ಸಂತತಿಗೆ ಇದು ಶಕ್ತಿಮೀರಿದ ಕಾರ್ಯವಲ್ಲ.

ಕುಳಗೇರಿ ಕ್ರಾಸಿನಲ್ಲಿ ಬಸ್ಸಿಗಾಗಿ ನಿಂತ ಶಾಲೆಯ ಬಾಲಕನ ಹತ್ತಿರ, ಇಲ್ಲವೆ ಅವನ ಅಣ್ಣನ ಹತ್ತಿರ, ಇಂದು ಇರುವ ಚಿಕ್ಕ ದೂರವಾಣಿಯ ಗಣನಶಕ್ತಿಯು ೧೯೭೦ರಲ್ಲಿ ಒಂದು ಇಡೀ ಸಂಸ್ಥೆಯು ಹಂಚಿಕೊಂಡು ಬಳಸಿದ ಯಂತ್ರದ ಶಕ್ತಿಗಿಂತ ಅನೇಕ ಪಟ್ಟು ಮಿಗಿಲಾದುದು. ಯಂತ್ರವು ಅವನ ಕೈಗೆ ಬಂದಿದೆ. ಪಾಠವು ಇನ್ನೂ ದಾರಿಯಲ್ಲಿದೆ. ಅದು ಅವನ ತಾಯಿನುಡಿಯಲ್ಲಿ ಬೇಗನೆ ಬಂದು ಸೇರಲಿ. ಬಂಡೆಯ ಮೇಲೆ ಅಕ್ಷರವನ್ನು ಕೊರೆದವರ ನಾಡಿನ ಈ ಹುಡುಗನು ಯಂತ್ರವನ್ನು ಬಳಸುವವನು ಮಾತ್ರವಾಗದೆ, ಅದನ್ನು ಅರಿತು ಕಟ್ಟಿ ಇನ್ನೊಬ್ಬರಿಗೆ ಕಲಿಸುವವನೂ ಆಗಲಿ.